ಮುದ್ದೆಯೊಳಗಿನ ತುಪ್ಪ

ತಟ್ಟೆ ಕೈಯಿಂದ ಜಾರಿ ಸಿಂಕಿನೊಳಗೆ ಬಿತ್ತು. ಸ್ವರ್ಣಲತಾ ಅದನ್ನೆತ್ತಿ ಮತ್ತೆ ನಲ್ಲಿಯ ಕೆಳಗೆ ಹಿಡಿದಳು. ನೀರು ತಟ್ಟೆಯ ಮೇಲೆ ಹರಡಿಕೊಳ್ಳದೆ ಹನಿಹನಿಯಾಗಿ ಓಡಿ ಅಂಚಿನಲ್ಲಿ ನಿಂತಿತು. ಹೆಬ್ಬೆರಳಿನಿಂದ ಉಜ್ಜಿದಳು. ಬೆರಳು ಜಾರಿತು. ತಣ್ಣೀರು ಬಿದ್ದ ಕಡೆ ಬಿಳಿಯ ತೆಳುವಾದ ಪೊರೆ ಕಟ್ಟಿಕೊಂಡಿತ್ತು.

ಅದು ಗಂಡ ಲಕ್ಷ್ಮೀಕಾಂತನ ತಟ್ಟೆ. ಅದಕ್ಕೆ ಅವಳು ಬಡಿಸಿದ್ದು ರಾಗಿ ಮುದ್ದೆ, ಒಗ್ಗರಣೆಯಿಲ್ಲದ ಸೊಪ್ಪಿನ ಸಾರು, ಹೆಚ್ಚಿದ ಸೌತೆಕಾಯಿ, ಅಷ್ಟೇ. ಆ ಮನೆಯಲ್ಲಿ ಎಣ್ಣೆಯ ಡಬ್ಬದ ಮುಚ್ಚಳ ತೆಗೆಯದೆ ಐದಾರು ದಿನವಾಗಿತ್ತು. ಅವಳು ಸೋಪು ಹಚ್ಚಿ ತಟ್ಟೆಯನ್ನು ಇನ್ನೊಮ್ಮೆ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿದಳು.

ಮಾರನೆಯ ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಬಂದು ನಿಂತಳು. ಒಳಗೆ ಅತ್ತೆ ವನಜಮ್ಮ ಮುದ್ದೆ ಕಟ್ಟುತ್ತಿದ್ದರು. ಬೆಂದ ಹಿಟ್ಟನ್ನು ಹಲಗೆಗೆ ಸುರಿದುಕೊಂಡು, ಪಕ್ಕದ ಬಟ್ಟಲಿನ ನೀರಿಗೆ ಕೈ ಅದ್ದಿ, ಮೊದಲು ಮೊಮ್ಮಗಳು ಸಂಧ್ಯಾಳ ಚಿಕ್ಕ ಮುದ್ದೆ, ಆಮೇಲೆ ಸೊಸೆಯದು, ಆಮೇಲೆ ತಮ್ಮದು ಕಟ್ಟಿದರು. ಮಗನ ಮುದ್ದೆಯ ಸರದಿ ಬಂದಾಗ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಅಕ್ಕಿ ಡಬ್ಬದ ಹಿಂದಿನಿಂದ ಗಾಜಿನ ಬಾಟಲಿಯೊಂದನ್ನು ತೆಗೆದು, ಎರಡು ಬೆರಳಿನಿಂದ ತುಪ್ಪ ತೋಡಿ, ಹಿಟ್ಟಿನ ನಡುವೆ ಗುಳಿ ಮಾಡಿ ಇಟ್ಟರು. ಮೇಲೆ ಹಿಟ್ಟು ಮುಚ್ಚಿದರು. ಅಂಗೈಗೂ ನೀರಿನ ಬದಲು ತುಪ್ಪವನ್ನೇ ಸವರಿಕೊಂಡು ಮುದ್ದೆಯನ್ನು ಉರುಳಿಸಿದರು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಬಗೆಯ ಮುದ್ದೆಗಳು.

ಸ್ವರ್ಣಲತಾ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು. ಅಂಗಿ ಗಂಡನದು. ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋಗಿ ಎಲ್ಲರಿಗೂ ಬಡಿಸಿದಳು.

ಇಷ್ಟಕ್ಕೆಲ್ಲ ಮೊದಲು ಗುಬ್ಬಿಯ ವಿಷಯವಿತ್ತು. ಗುಬ್ಬಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನಾದಿನಿ, ಲಕ್ಷ್ಮೀಕಾಂತನ ತಂಗಿ ಹೇಮಶ್ರೀಯ ಲಿವರ್ ಗಟ್ಟಿಯಾಗಿ ಕೆಟ್ಟುಹೋಗಿತ್ತು. ಕುಡಿತದ ವಾಸನೆಯನ್ನೂ ಕಾಣದ ಹೆಂಗಸಿಗೆ ಲಿವರ್ ಹೇಗೆ ಹೋಗುತ್ತದೆ ಎಂದು ನೆಂಟರಿಷ್ಟರು ಕೇಳಿದ್ದರು. ಕೆಲವರು ಕೇಳುವ ರೀತಿಯಲ್ಲಿ ಅನುಮಾನವೂ ಇತ್ತು. ಅವಳಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಅದರ ಜೊತೆಯಲ್ಲೇ ಲಿವರಿನಲ್ಲಿ ಕೊಬ್ಬು ಕೂತು, ಊದಿ, ಗಾಯವಾಗಿ, ಗಾಯ ಮಾಯ್ದ ಕಡೆಯೆಲ್ಲ ಗಂಟು ಕಟ್ಟಿತು, ಇದೆಲ್ಲ ನೋವೇ ಇಲ್ಲದೆ ಆಗುವಂಥದ್ದು ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಇನ್ನು ಉಳಿದಿದ್ದು, ಬೇರೆಯವರ ಲಿವರಿನ ಒಂದು ಭಾಗವನ್ನು ತಂದು ಕೂರಿಸುವ ದಾರಿ. ಗಂಡ ಮಲ್ಲಿಕಾರ್ಜುನನ ರಕ್ತದ ಗುಂಪು ಹೊಂದಲಿಲ್ಲ. ಅಣ್ಣ ಲಕ್ಷ್ಮೀಕಾಂತನದು ಹೊಂದಿತು.

ಆದರೆ ಲಕ್ಷ್ಮೀಕಾಂತನ ಸ್ಕ್ಯಾನ್ ನೋಡಿದ ಡಾಕ್ಟರು ತಲೆಯಾಡಿಸಿದರು. ಅವನ ಲಿವರಿನಲ್ಲೂ ಕೊಬ್ಬಿತ್ತು. ತಂಗಿಯಷ್ಟು ದೂರ ಹೋಗಿರಲಿಲ್ಲ, ಆದರೆ ಕೊಡಲು ಬರುವಂತಿರಲಿಲ್ಲ. ಅಂಥ ಲಿವರನ್ನು ಕೊಯ್ದರೆ ಕೊಟ್ಟವರಿಗೂ ಕಷ್ಟ, ತೆಗೆದುಕೊಂಡವರಿಗೂ ಕಷ್ಟ. ಎರಡು ತಿಂಗಳಲ್ಲಿ ತೂಕ ಇಳಿಸಿ, ಕೊಬ್ಬು ಕರಗಿಸಿಕೊಂಡು ಬಂದರೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ, ಸರಿಯಿದ್ದರೆ ಮುಂದಿನ ಮಾತು ಎಂದರು. ಅದಕ್ಕಿಂತ ಹೆಚ್ಚು ಕಾಯುವ ಶಕ್ತಿ ಹೇಮಶ್ರೀಗೆ ಇದೆಯೆಂದು ಅವರು ಹೇಳಲಿಲ್ಲ.

ಊಟದ ಬಗ್ಗೆ ಹೇಳಲು ಇನ್ನೊಂದು ಕೋಣೆಯಲ್ಲಿ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಅವಳು ನಿಧಾನವಾಗಿ ವಿವರಿಸಿದಳು. ತುಪ್ಪ, ಬೆಣ್ಣೆ, ಡಾಲ್ಡಾ, ಪಾಮ್ ಎಣ್ಣೆ, ಕೊಬ್ಬರಿ ಎಣ್ಣೆ, ಇಂಥ ತಣ್ಣಗಾದರೆ ಹೆಪ್ಪುಗಟ್ಟುವ ಕೊಬ್ಬು ಲಿವರಿನಲ್ಲಿ ಬೇಗ ಹೋಗಿ ಕೂರುತ್ತದೆ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಗಳು ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಅವೂ ಚಮಚದ ಅಳತೆಯಲ್ಲಿ. ಸಕ್ಕರೆ, ಜ್ಯೂಸು ಒಳಗೆ ಹೋಗಿ ಕೊಬ್ಬೇ ಆಗುತ್ತವೆ. ಕ್ಯಾಂಟೀನಿನ ಬೋಂಡಾ, ಕಾಯಿಸಿ ಕಾಯಿಸಿ ಕಪ್ಪಾದ ಎಣ್ಣೆ, ಎಲ್ಲ ಬಿಡಬೇಕು. ದಿನಾ ನಡೆಯಬೇಕು. ಲಕ್ಷ್ಮೀಕಾಂತ ತಲೆ ತಗ್ಗಿಸಿ ಕೇಳಿದ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಪಾಳಿಯ ನಡುವೆ ಕ್ಯಾಂಟೀನಿನ ಬೋಂಡಾ ಅವನಿಗೆ ಎಷ್ಟೋ ವರ್ಷದ ಅಭ್ಯಾಸ.

ಆಮೇಲೆ ಆಸ್ಪತ್ರೆಯವರು ಸ್ವರ್ಣಲತಾಳನ್ನು ಒಬ್ಬಳನ್ನೇ ಕರೆದು, ಗಂಡ ಲಿವರ್ ಕೊಡುವುದಕ್ಕೆ ನಿಮ್ಮ ಒಪ್ಪಿಗೆ ಇದೆಯಾ ಎಂದು ಕೇಳಿದ್ದರು. ಯಾರೂ ಒತ್ತಾಯ ಮಾಡುವಂತಿಲ್ಲ, ಬೇಡವೆಂದರೆ ಕಾರಣ ಹೊರಗೆ ಹೇಳುವುದಿಲ್ಲ ಎಂದೂ ಹೇಳಿದ್ದರು. ಕೊಟ್ಟವರ ಲಿವರ್ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ, ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ. ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಅತ್ತೆ, ಮಾವ, ಹೇಮಶ್ರೀ ಕೂತಿರುವುದು ಕಾಣುತ್ತಿತ್ತು. ಹೇಮಶ್ರೀ ನೆಲ ನೋಡುತ್ತಿದ್ದಳು. "ಒಪ್ಪಿಗೆ" ಎಂದಳು ಸ್ವರ್ಣಲತಾ.

ಮನೆಗೆ ಬಂದವಳೇ ಎಣ್ಣೆಯನ್ನು ಪೂರ್ತಿ ನಿಲ್ಲಿಸಿಬಿಟ್ಟಳು. ಒಗ್ಗರಣೆ ನಿಂತಿತು. ಸಾರಿಗೆ ಕಾಯಿ ರುಬ್ಬುವುದು ನಿಂತಿತು. ಆಸ್ಪತ್ರೆಯ ಹುಡುಗಿ ಅಷ್ಟು ಬಿಗಿಯಾಗಿ ಹೇಳಿರಲಿಲ್ಲ. ಮಗಳ ಕಾಯಿಲೆಗೆಂದು ತಮ್ಮೂರು ಕೊತ್ತಗೆರೆಯಿಂದ ಬಂದು ತುಮಕೂರಿನಲ್ಲೇ ಉಳಿದಿದ್ದ ವನಜಮ್ಮ ಮೊದಲ ದಿನದ ಸಾರು ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು.

"ಸೂತಕದ ಮನೆ ಸಾರು ಮಾಡ್ದಂಗೆ ಮಾಡಿದೀಯಲ್ಲವ್ವ. ಅಲ್ಲೊಬ್ಳು ಹಂಗೆ ಮಲಗವ್ಳೆ. ಇಲ್ಲಿ ಒಗ್ಗರಣೆ ಸದ್ದೇ ಇಲ್ದಂಗೆ ಮಾಡ್ತೀಯ."

ಸಾವಾದ ಮನೆಯಲ್ಲಿ ಕರ್ಮ ಕಳೆಯುವ ತನಕ ಒಗ್ಗರಣೆ ಹಾಕುವುದಿಲ್ಲ. ಅದು ಸ್ವರ್ಣಲತಾಳಿಗೂ ಗೊತ್ತಿತ್ತು. "ಡಾಕ್ಟರ್ ಎಣ್ಣೆ ಬೇಡ ಅಂದಿದಾರೆ ಅತ್ತೆ" ಎಂದಿದ್ದಳು.

ವನಜಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಎಣ್ಣೆಯನ್ನು ಮುಟ್ಟಲೂ ಇಲ್ಲ. ಆದರೆ ಅವರ ಲೆಕ್ಕದಲ್ಲಿ ಎಣ್ಣೆ ಬೇರೆ, ತುಪ್ಪ ಬೇರೆ. ಎಣ್ಣೆ ಅಂಗಡಿಯದು. ತುಪ್ಪ ಕೊಟ್ಟಿಗೆಯಲ್ಲಿ ತಾವೇ ಹಾಲು ಕರೆದು, ಹೆಪ್ಪು ಹಾಕಿ, ಕಡೆದು, ಕಾಯಿಸಿದ್ದು. ಊರಿನಲ್ಲಿ ತೋಟ, ದನ ನೋಡಿಕೊಳ್ಳುತ್ತಿದ್ದ ಮಾವ ಕಾಳಯ್ಯ ಅದನ್ನು ಕುಣಿಗಲ್ ಬಸ್ಸಿನ ಕಂಡಕ್ಟರನ ಕೈಲಿ ಕಳಿಸುತ್ತಿದ್ದರು. ಇದನ್ನೆಲ್ಲ ಸ್ವರ್ಣಲತಾ ಬಲ್ಲಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಅವಳು ಹೇಳಲಿಲ್ಲ. ಹೇಳದಿರುವುದಕ್ಕೆ ತನಗೆ ತಾನೇ ಕಾರಣ ಕೊಟ್ಟುಕೊಂಡಳು. ತುಪ್ಪದಿಂದ ಲಿವರ್ ಕೆಡುತ್ತದೆ ಎಂದು ಆ ತಾಯಿಗೆ ಹೇಳುವುದು ಹೇಗೆ? ಅಣ್ಣ ತಂಗಿ ಇಬ್ಬರೂ ಆಕೆಯ ಒಲೆಯ ಮುಂದೆ ಕೂತು ಅದೇ ತುಪ್ಪ ತಿಂದು ಬೆಳೆದವರು. ಹೇಳಿದರೆ ಮಗಳ ಕಾಯಿಲೆಯನ್ನು ಆಕೆ ತನ್ನ ತಲೆಯ ಮೇಲೆ ಹಾಕಿಕೊಳ್ಳುವುದಿಲ್ಲವೇ? ಕಾರಣ ಒಳ್ಳೆಯದೇ ಆಗಿತ್ತು. ಆದರೆ ಪ್ರತಿ ಮಧ್ಯಾಹ್ನ ತಟ್ಟೆ ತೊಳೆಯುವಾಗ ಬೆರಳು ಜಾರಿದೊಡನೆ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಅದು ನೆಮ್ಮದಿ ಎಂದು ಒಪ್ಪಿಕೊಳ್ಳಲು ಅವಳಿಗೆ ಕೆಲವು ದಿನ ಬೇಕಾಯಿತು. ಸ್ಕ್ಯಾನಿನಲ್ಲಿ ಕೊಬ್ಬು ಇಳಿಯದಿದ್ದರೆ ಡಾಕ್ಟರೇ ಬೇಡವೆನ್ನುತ್ತಾರೆ. ಮನೆಯ ಯಾರ ಬಾಯಿಂದಲೂ ಬೇಡವೆಂಬ ಮಾತು ಬರಬೇಕಾಗಿಲ್ಲ.

ಮನೆಯಲ್ಲಿ ಎಲ್ಲರೂ ಅವಳ ಕಟ್ಟುನಿಟ್ಟನ್ನು ಮೆಚ್ಚುತ್ತಿದ್ದರು. ಅದೊಂದೇ ಅವಳಿಗೆ ಕೇಳಲು ಕಷ್ಟವಾಗುತ್ತಿತ್ತು.

ಲಕ್ಷ್ಮೀಕಾಂತ ಮೊದಲ ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದ. ಮುದ್ದೆ ಮುರಿದು, ಸಾರಿಗದ್ದಿ ನುಂಗುತ್ತಿದ್ದ. ಒಳಗಿನ ತುಪ್ಪದ ಘಮ ಎದುರು ಕೂತ ಅವಳಿಗೇ ಬರುತ್ತಿತ್ತು. ಅವನಿಗೆ ಬರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೂ ಅವನು ತಾಯಿಯನ್ನು ಏನೂ ಕೇಳಲಿಲ್ಲ. ಸಂಜೆ ತಪ್ಪದೆ ನಡೆಯಲು ಹೋಗುತ್ತಿದ್ದ. ಸೊಂಟ ಇಳಿದು ಬೆಲ್ಟು ಒಂದು ತೂತು ಒಳಗೆ ಹೋಯಿತು, ಅಲ್ಲಿಗೇ ನಿಂತಿತು. ಸ್ಕ್ಯಾನಿನ ದಿನಕ್ಕೂ ಆಮೇಲಿನ ಆಪರೇಷನ್ನಿಗೂ ರಜೆಯನ್ನು ಮೊದಲೇ ಬರೆದುಕೊಡಲು ಕಾರ್ಖಾನೆಯಲ್ಲಿ ಕೇಳುತ್ತಿದ್ದಾರೆ ಎಂದು ಒಂದು ದಿನ ಹೇಳಿದ. ಕೊಟ್ಟಿರಾ ಎಂದು ಅವಳು ಕೇಳಿದಳು. "ನೋಡೋಣ" ಎಂದ. ಮರುವಾರವೂ ಅದನ್ನೇ ಹೇಳಿದ.

ಒಂದು ತಿಂಗಳು ಕಳೆದ ಮೇಲಿನ ಭಾನುವಾರ ಸ್ವರ್ಣಲತಾ ಒಬ್ಬಳೇ ಗುಬ್ಬಿಗೆ ಹೋದಳು. ಮಲ್ಲಿಕಾರ್ಜುನನಿಗೆ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವತ್ತೂ ಕೆಲಸವಿತ್ತು. ಹೇಮಶ್ರೀ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಬಿಳಿ ಹಳದಿಯಾಗಿತ್ತು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ತುಂಬು ಬಸುರಿಯಂತೆ ಮುಂದೆ ಬಂದಿತ್ತು. ಸ್ಟೂಲಿನ ಮೇಲೆ ಬೆಳಗ್ಗೆ ಗಂಡ ಇಟ್ಟುಹೋದ ಅನ್ನ, ಬೇಳೆಕಟ್ಟು ಹಾಗೇ ಇದ್ದವು.

"ನೋಡಿ ಅತ್ತಿಗೆ, ಹೆಲಿಕಾಪ್ಟರ್ ಜೋಡಿಸ್ತಾರೆ ನಮ್ಮನೆಯವ್ರು. ಒಂದು ಒಗ್ಗರಣೆ ಹಾಕೋಕೆ ಬರಲ್ಲ" ಎಂದಳು. "ನಂಗೆ ಉಪ್ಪು ಬಿಡಿ ಅಂದಿರೋದು. ಇವ್ರು ಹೆದರ್ಕೊಂಡು ಎಣ್ಣೆನೂ ಬಿಡಿಸವ್ರೆ."

ಸ್ವರ್ಣಲತಾ ನಕ್ಕಳು.

"ಒಂದು ಒಗ್ಗರಣೆ ಹಾಕ್ಕೊಡ್ತೀರಾ? ಸದ್ದು ಕೇಳಿ ಎಷ್ಟು ದಿನ ಆಯ್ತು."

ಅಡುಗೆಮನೆಯಲ್ಲಿ ಗಾಣದ ಕಡಲೆಕಾಯಿ ಎಣ್ಣೆಯಿತ್ತು. ಸ್ವರ್ಣಲತಾ ಒಂದು ಚಮಚ ಎಣ್ಣೆ ಕಾಯಿಸಿ ಸಾಸಿವೆ ಹಾಕಿದಳು. ಸಾಸಿವೆ ಸಿಡಿಯಿತು. ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ಕರಿಬೇವು ಒಂದರ ಹಿಂದೊಂದು ಬಿದ್ದವು. ಬೇಳೆಕಟ್ಟಿಗೆ ಸುರಿದಾಗ ಚುಂಯ್ ಎಂದಿತು. ಪಾತ್ರೆ ಹಿಡಿದು ಬಂದರೆ ಹೇಮಶ್ರೀ ಕಣ್ಣು ಮುಚ್ಚಿ ಕೂತಿದ್ದಳು, ಯಾರೋ ದೂರದಿಂದ ಕರೆದದ್ದನ್ನು ಕೇಳಿಸಿಕೊಳ್ಳುವವಳಂತೆ. ನಾಲ್ಕು ತುತ್ತು ಉಂಡಳು. ಇನ್ನೆರಡು ತುತ್ತು ಕೇಳಿ ಹಾಕಿಸಿಕೊಂಡಳು. ಆಮೇಲೆ ತಟ್ಟೆಯಲ್ಲೇ ಬೆರಳಾಡಿಸುತ್ತ ಕೇಳಿದಳು.

"ಅಣ್ಣ ಸಣ್ಣ ಆಗವ್ನಾ ಅತ್ತಿಗೆ?"

"ಸ್ವಲ್ಪ."

"ಕೇಳ್ಬಾರ್ದು ಅಂತಾನೇ ಇದ್ದೆ. ಫೋನ್ ಮಾಡ್ದಾಗೆಲ್ಲ ನಾಲಿಗೆ ತುದೀಗೆ ಬರುತ್ತೆ. ಕುರಿ ಎಷ್ಟು ತೂಗುತ್ತೆ ಅಂತ ಕೇಳ್ದಂಗಾಗುತ್ತೆ ಅಂತ ಸುಮ್ನಾಗ್ತೀನಿ." ತಟ್ಟೆ ಬದಿಗಿಟ್ಟು ಹೇಳಿದಳು: "ಅವನು ನನ್ನ ಎದುರಿಗೆ ಬಂದಾಗ ಎಲ್ರೂ ಅವನ ಹೊಟ್ಟೆ ನೋಡ್ತಾರೆ. ನಾನೂ ನೋಡ್ತೀನಿ."

ಹೇಮಶ್ರೀ ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರದೋ ಮನೆಯ ಕೊಬ್ಬರಿ ಒಣಗಲು ಹಾಕಿದ್ದರು. ಅದರ ಮೇಲೆ ಕೂರಲು ಬಂದ ಕಾಗೆಯನ್ನು ಮಂಚದಿಂದಲೇ "ಹುಶ್" ಎಂದು ಓಡಿಸಲು ನೋಡಿದಳು. ಧ್ವನಿ ಕಿಟಕಿಯ ತನಕವೂ ಹೋಗಲಿಲ್ಲ. ಕಾಗೆ ಕೂತುಕೊಂಡಿತು.

ತಟ್ಟೆಯನ್ನು ಸ್ವರ್ಣಲತಾ ತೊಳೆದಳು. ಎಣ್ಣೆ ನೀರಿನ ಜೊತೆ ಜಾರಿ ಹೋಯಿತು, ಎಲ್ಲೂ ಹೆಪ್ಪುಗಟ್ಟಲಿಲ್ಲ. ಅವಳು ತಟ್ಟೆ ಹಿಡಿದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದಳು.

ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿತು. ಆಸ್ಪತ್ರೆಯ ಕೋಣೆಯಲ್ಲಿ ತನ್ನನ್ನು ಒಬ್ಬಳನ್ನೇ ಕರೆದು ಕೇಳಿದ್ದು ಅವಳಿಗೆ ನೆನಪಾಯಿತು. ಬೇಡ ಎನ್ನಬಹುದಿತ್ತು. ಅನ್ನಲು ಅವಕಾಶ ಕೊಟ್ಟಿದ್ದರು. ಬೇಡವೆಂದಿದ್ದರೆ ಹೇಮಶ್ರೀಯ ಮನೆಯವರು ಬೇರೆ ದಾರಿ ಹುಡುಕುತ್ತಿದ್ದರು, ಸತ್ತವರ ಲಿವರಿಗಾಗಿ ಆಸ್ಪತ್ರೆಯ ಸರದಿಯಲ್ಲಿ ಹೆಸರು ಬರೆಸುತ್ತಿದ್ದರು. ಒಪ್ಪಿಗೆ ಎಂದು ಹೇಳಿ ಅವರನ್ನೆಲ್ಲ ಕಾಯಲು ಕೂರಿಸಿದ್ದಳು. ಒಂದು ತಿಂಗಳು ಅದರಲ್ಲೇ ಹೋಗಿತ್ತು.

ಮಾರನೆಯ ದಿನ ಹಿಟ್ಟು ಬೇಯುವ ಹೊತ್ತಿಗೆ ಅವಳು ಹಿತ್ತಿಲಿಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ ಸೊಪ್ಪು ಬಿಡಿಸುತ್ತ ಕೂತಳು. ವನಜಮ್ಮ ಮೂರು ಮುದ್ದೆ ಕಟ್ಟಿ ನಾಲ್ಕನೆಯದಕ್ಕೆ ತಡೆದರು. ಕುಕ್ಕರಿನ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಹಲಗೆಯ ಮೇಲಿನ ಹಿಟ್ಟು ಹಬೆಯಾಡುತ್ತಿತ್ತು.

"ಸಂಧ್ಯಾ ಕರೀತಾವ್ಳೇನೋ ನೋಡು ಹೋಗವ್ವ."

"ಅವಳು ಸ್ಕೂಲಿಂದ ಬಂದಿಲ್ಲ ಅತ್ತೆ" ಎಂದಳು ಸ್ವರ್ಣಲತಾ. "ಅದರೊಳಗೆ ತುಪ್ಪ ಇಡ್ಬೇಡಿ."

ವನಜಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಸಿಕ್ಕಿಬಿದ್ದವರ ಗಾಬರಿ ಆ ಮುಖದಲ್ಲಿ ಇರಲಿಲ್ಲ. ಮಗನ ಪರವಾಗಿ ವಾದ ಮಾಡುವ ತಾಯಿಯ ಹಟವಿತ್ತು.

"ಮೈ ಕೊಯ್ಸ್ಕೊಳ್ಳೋಕೆ ಹೋಗೋನು ಕಣವ್ವ. ಬಾಣಂತೀಗೆ ತುಪ್ಪ ಹಾಕ್ದೆ ಒಳಗಿನ ಗಾಯ ಮಾಯ್ತದಾ? ಬರೀ ಸೊಪ್ಪು ತಿಂದು ಒಣಕೊಂಡೋದ್ರೆ ಅವನು ತಡಕೊಳ್ಳೋದು ಹೆಂಗೆ? ಅವನ ಈಲಿ ಗಟ್ಟಿಯಾಗಿದ್ರೆ ತಾನೆ ಅವಳ್ಗೂ ಒಂದೀಟು ಕಸುವು."

"ತುಪ್ಪ ಹೋಗಿ ಆ ಈಲಿ ಒಳಗೇ, ಲಿವರಲ್ಲೇ ಕೂರುತ್ತೆ ಅತ್ತೆ. ಅದು ಕರಗ್ದೇ ಇದ್ರೆ ಡಾಕ್ಟರ್ ಇವ್ರದ್ದು ತಗೊಳ್ಳಲ್ಲ."

"ತಗೊಳ್ಳಕಿಲ್ವಾ?"

"ಇಲ್ಲ. ಹೇಮಂಗೆ ಬೇರೆ ಯಾರೂ ಇಲ್ಲ."

ವನಜಮ್ಮ ನಿಧಾನವಾಗಿ ಮಣೆಯ ಮೇಲೆ ಕೂತರು. ಕೈಗೆ ಹತ್ತಿದ ಹಿಟ್ಟು ಒಣಗುತ್ತಿತ್ತು. ಅವರು ಕೇಳಿದ್ದು ಸ್ವರ್ಣಲತಾ ಹೆದರಿದ್ದ ಮಾತನ್ನೇ.

"ಹಂಗಾದ್ರೆ ಹೇಮಂಗೂ ನನ್ ತುಪ್ಪಾನೇ..."

"ಹಂಗಲ್ಲ ಅತ್ತೆ. ಸಕ್ಕರೆ ಕಾಯಿಲೆ ಇತ್ತು, ಮೈ ಬಂದಿತ್ತು, ವಂಶದಿಂದ ಬರೋದೂ ಇರುತ್ತಂತೆ. ಎಲ್ಲಾ ಸೇರಿ ಆಗೋದು. ತುಪ್ಪ ಒಂದರಿಂದ್ಲೇ ಅಂತ ಯಾರೂ ಹೇಳಿಲ್ಲ."

ಅದು ನಿಜವೇ ಆಗಿತ್ತು. ವನಜಮ್ಮ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹಲಗೆಯ ಮೇಲಿನ ಹಿಟ್ಟನ್ನೇ ನೋಡುತ್ತ ಕೂತಿದ್ದರು.

"ನೀನು ಯಾವಾಗ ನೋಡ್ದೆ?"

"ಮೊದಲ್ನೇ ವಾರಾನೇ."

"ಮತ್ತೆ ಇಷ್ಟು ದಿನ?"

ಸ್ವರ್ಣಲತಾ ಸೊಪ್ಪಿನ ದಂಟೊಂದನ್ನು ಮುರಿದಳು. ಅದನ್ನೇ ಮತ್ತೆ ಎರಡು ಮಾಡಿ ಮುರಿದಳು. ವನಜಮ್ಮ ಅವಳ ಮುಖವನ್ನು ನೋಡುತ್ತಲೇ ಇದ್ದರು. ಬೈಗುಳಕ್ಕೆ ಅವಳು ಸಿದ್ಧಳಾಗಿ ಕೂತಿದ್ದಳು. ಬೈಗುಳ ಬರಲಿಲ್ಲ.

"ಹೆದ್ರಿಕೆ ಯಾರ್ಗಿಲ್ಲ ಬುಡು" ಎಂದರು ವನಜಮ್ಮ. ಆಮೇಲೆ, ತಮಗೆ ತಾವೇ ಎಂಬಂತೆ, "ನಂಗೆ ಇಬ್ರೂ ಬೇಕು ಕಣವ್ವ" ಎಂದರು.

ಅವರು ಎದ್ದು ಸಿಂಕಿನ ಬಳಿ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಬಟ್ಟಲಿನ ನೀರು ಚೆಲ್ಲಿ ಹೊಸ ನೀರು ಹಿಡಿದರು. ಹಿಟ್ಟು ಅಷ್ಟರಲ್ಲಿ ಆರಿತ್ತು. ಮತ್ತೆ ಪಾತ್ರೆಗೆ ಹಾಕಿ ಬಿಸಿ ಮಾಡಿ, ಮುದ್ದೆ ಕೋಲಿನಿಂದ ತಿರುವಿ, ನೀರು ಮುಟ್ಟಿದ ಕೈಯಲ್ಲಿ ಕಟ್ಟಿದರು. ಆರಿದ ಹಿಟ್ಟಾದ್ದರಿಂದ ಮುದ್ದೆ ನುಣುಪಾಗಲಿಲ್ಲ. ಅಲ್ಲಲ್ಲಿ ಬಿರುಕು ಬಿಟ್ಟಿತು. ಬಿರುಕನ್ನು ಒದ್ದೆ ಬೆರಳಿನಿಂದ ಸವರಿದರು.

ಸ್ವರ್ಣಲತಾ ಎಣ್ಣೆಯ ಡಬ್ಬದ ಮುಚ್ಚಳ ತೆಗೆದಳು. ಒಂದು ಚಮಚ ಅಳೆದು ಒಗ್ಗರಣೆ ಸೌಟಿಗೆ ಹಾಕಿದಳು.

"ಬೇಡ ಅಂದವ್ರೆ ಅಂದೆ?"

"ಪೂರಾ ಬೇಡ ಅಂದಿರ್ಲಿಲ್ಲ ಅತ್ತೆ. ಒಂದು ಚಮಚ ಹಾಕ್ಬೋದು. ನಾನೇ ನಿಲ್ಸಿದ್ದು."

ಸಾಸಿವೆ ಸಿಡಿಯಿತು. ಆ ಸದ್ದು ಅಡಗುವವರೆಗೆ ಇಬ್ಬರೂ ಒಲೆಯ ಮುಂದೆ ಅಲುಗದೆ ನಿಂತಿದ್ದರು.

ಲಕ್ಷ್ಮೀಕಾಂತ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತ. ಒಗ್ಗರಣೆಯ ವಾಸನೆಗೆ ಒಂದು ಸಲ ತಲೆ ಎತ್ತಿದ. ಸ್ವರ್ಣಲತಾ ಮುದ್ದೆ ಇಟ್ಟು ಸಾರು ಬಡಿಸಿದಳು. ಅವನು ಹೆಬ್ಬೆರಳಿನಿಂದ ಮುದ್ದೆಯನ್ನು ಒತ್ತಿ ಮುರಿದ. ಒಳಗೆ ಹೊರಗಿನಂತೆಯೇ ಕಂದು ಬಣ್ಣ, ಹೊಳಪಿಲ್ಲ. ಬೆರಳು ಅಲ್ಲೇ ನಿಂತಿತು. ಇನ್ನೊಂದು ಕಡೆ ಮುರಿದು ನೋಡಿದ.

"ಇವತ್ತು ನೀನು ಕಟ್ಟಿದ್ದಾ?"

"ಇಲ್ಲ. ಅತ್ತೆನೇ ಕಟ್ಟಿದ್ದು."

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ತಾಯಿಯನ್ನು ನೋಡಿದ. ತಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು, ಕೈ ಒದ್ದೆಯಾಗಿರಲಿಲ್ಲ. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು, ಕಣ್ಣು ತಪ್ಪಿಸಲಿಲ್ಲ. ಇಷ್ಟು ದಿನ ಆ ಮನೆಯಲ್ಲಿ ಮೂವರೂ ಬಲ್ಲ ಸಂಗತಿಯೊಂದಿತ್ತು ಎಂಬುದು ಅವಳಿಗೆ ಆಗ ಪೂರ್ತಿಯಾಗಿ ಗೊತ್ತಾಯಿತು.

"ಸರಿ" ಎಂದ ಲಕ್ಷ್ಮೀಕಾಂತ. ತುತ್ತನ್ನು ಸಾರಿಗದ್ದಿದ. ನುಂಗಿ, ಇನ್ನೊಂದು ತುತ್ತು ಮುರಿಯುತ್ತ ಹೇಳಿದ: "ನಾಳೆ ರಜಾ ಬರೆದುಕೊಡ್ತೀನಿ."

ಅವನು ಸಾರು ಇನ್ನಷ್ಟು ಹಾಕಿಸಿಕೊಂಡ. ಊಟ ಮುಗಿಸಿ ಸ್ವಲ್ಪ ಹೊತ್ತು ಕೂತಿದ್ದು, ಶೂ ಹಾಕಿಕೊಂಡು ನಡೆಯಲು ಹೊರಟ. ಬಿಸಿಲು ಇನ್ನೂ ಇಳಿದಿರಲಿಲ್ಲ.

ಸ್ವರ್ಣಲತಾ ಅವನ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಹರಡಿಕೊಂಡು ತಟ್ಟೆ ತುಂಬ ಹರಿಯಿತು. ಹೆಬ್ಬೆರಳು ಅಂಚಿನ ಮೇಲೆ ಎಲ್ಲೂ ಜಾರದೆ ಕೀಚ್ ಎಂದಿತು. ಕಿಟಕಿಯಾಚೆ, ಬೀದಿಯ ತಿರುವಿನಲ್ಲಿ, ಅವನ ನೀಲಿ ಅಂಗಿಯ ಬೆನ್ನು ಕಾಣುತ್ತಿತ್ತು. ತಟ್ಟೆ ಶುದ್ಧವಾಗಿತ್ತು. ಇನ್ನು ಅವನನ್ನು ಆಪರೇಷನ್ನಿನಿಂದ ತಡೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳು ನಲ್ಲಿ ನಿಲ್ಲಿಸಲಿಲ್ಲ.